ಎರಡನೆಯ ಹಾರ್ನು

ಸೆರಾಫಿನಾ ಹಳೆಯ ಬ್ರೆಡ್ಡನ್ನು ತುರಿಯುತ್ತಿದ್ದಳು. ಬ್ರೆಡ್ಡು ಒಣಗಿ ಕಲ್ಲಾಗಿತ್ತು. ಅವಸರ ಮಾಡಿದರೆ ಬೆರಳಿನ ಗಿಣ್ಣೂ ತುರಿಯ ಜೊತೆ ಬಟ್ಟಲಿಗೆ ಬೀಳುತ್ತದೆ ಎನ್ನುವುದು ಅವಳಿಗೆ ಅನುಭವದಿಂದ ಗೊತ್ತಿತ್ತು; ಹಾಗಾಗಿ ಹೊಲಿಗೆ ಯಂತ್ರ ತುಳಿದ ಹಾಗೆ ಒಂದೇ ಹದದಲ್ಲಿ ಉಜ್ಜುತ್ತಿದ್ದಳು. ಇದು ರಾತ್ರಿಯ ತನ್ನೊಬ್ಬಳ ಊಟಕ್ಕೆ. ಮಧ್ಯಾಹ್ನದ್ದು ಬೇರೆ, ಅದು ಒಲೆಯ ಮೇಲಿತ್ತು: ಒಂದು ಉರಿಯಲ್ಲಿ ಬೆಳಗಿನಿಂದ ಬೇಯುತ್ತಿದ್ದ ಕಡಲೆಕಾಳು, ಇನ್ನೊಂದರಲ್ಲಿ ಉಪ್ಪು ಹಾಕಿದ ನೀರು. ನೀರು ಕುದಿ ಹಿಡಿದಿತ್ತು. ಇನ್ನು ಬಾಕಿ ಇದ್ದದ್ದು ಸ್ಮಶಾನದ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳುವುದೊಂದೇ.

ಮೊಂತೆಸ್ಪಿನೊ ಊರಿನಲ್ಲಿ ಮಧ್ಯಾಹ್ನ ಪಾಸ್ತಾ ನೀರಿಗೆ ಬೀಳುವುದು ಗಡಿಯಾರ ನೋಡಿ ಅಲ್ಲ. ಇಗರ್ಜಿಯ ಗಡಿಯಾರಕ್ಕೆ ಹೊತ್ತಿನ ವಿಷಯದಲ್ಲಿ ತನ್ನದೇ ಅಭಿಪ್ರಾಯಗಳಿವೆ. ಪೊಟೆಂಜಾದಿಂದ ಬೆಟ್ಟ ಹತ್ತಿ ಬರುವ ಬಸ್ಸು, ಸ್ಮಶಾನದ ಹತ್ತಿರ ದೊಡ್ಡ ಬಂಡೆಯನ್ನು ಬಳಸುವ ಕಡೆ, ಎರಡು ಸಲ ಹಾರ್ನು ಹೊಡೆಯುತ್ತದೆ. ಅಲ್ಲಿಂದ ಚೌಕಕ್ಕೆ ಬಂದು, ನಿಂತು, ಜನ ಇಳಿದು, ಮೆಟ್ಟಿಲು ಹತ್ತಿ, ಮನೆಗೆ ಹೋಗಿ ಕೈ ತೊಳೆದು ಕೂರುವುದಕ್ಕೆ ಹಿಡಿಯುವ ಹೊತ್ತೂ ಪಾಸ್ತಾ ಬೇಯುವುದಕ್ಕೆ ಹಿಡಿಯುವ ಹೊತ್ತೂ ದೇವರೇ ಅಳತೆ ತೆಗೆದುಕೊಂಡು ಹೊಲಿದ ಹಾಗೆ ಒಂದಕ್ಕೊಂದು ಕೂಡುತ್ತವೆ. ಮೊದಲ ಕೂಗಿಗೆ ಹೆಂಗಸರು ಪೊಟ್ಟಣ ಕೈಗೆತ್ತಿಕೊಳ್ಳುತ್ತಾರೆ, ಎರಡನೆಯದಕ್ಕೆ ನೀರಿಗೆ ಬಿಡುತ್ತಾರೆ. ಬಸ್ಸಿನಲ್ಲಿ ಬರುವವರು ಯಾರೂ ಇಲ್ಲದ ಮನೆಯಲ್ಲೂ ಅಷ್ಟೆ, ಪಾದ್ರಿಗಳ ಮನೆಯಲ್ಲೂ ಅಷ್ಟೆ.

ಸೆರಾಫಿನಾಳ ಮನೆಗೆ ಬರುವವನು ಪ್ರಯಾಣಿಕನಲ್ಲ, ಬಸ್ಸು ಓಡಿಸುವವನೇ. ಹೆಸರು ಕಾನಿಯೊ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದೆ. ಕಣಿವೆಯ ಕೆಳಗೆ ಪಿಯಾನೊ ಎನ್ನುವ ಊರಿನಲ್ಲಿ ಮನೆ. ಚೌಕದ ಖಾನಾವಳಿ ಮುಚ್ಚಿದ ವರ್ಷ ಬಸ್ಸಿನ ಕಂಪನಿಯವರು ಡ್ರೈವರನ ಮಧ್ಯಾಹ್ನದ ಊಟಕ್ಕೆ ಒಂದು ಮನೆ ಹುಡುಕುತ್ತಿದ್ದರು. ಸೆರಾಫಿನಾ ಬಟ್ಟೆ ಹೊಲಿದು ಬದುಕುವವಳು, ಮದುವೆಯಾಗದವಳು. ತಾಯಿ ಆಗಷ್ಟೇ ಹೋಗಿದ್ದಳು. ಒಬ್ಬಳಿಗೆ ಅಂತ ಪಾತ್ರೆ ಇಡುವುದು ಇನ್ನೂ ಕೈಗೆ ಒಗ್ಗಿರಲಿಲ್ಲ. ಆಗಲಿ ಅಂದಳು. ಎರಡು ವರ್ಷದ ಮೇಲೆ ಖಾನಾವಳಿ ಮತ್ತೆ ತೆರೆಯಿತು. ಆ ಸುದ್ದಿಯನ್ನು ಅವಳು ಅವನಿಗೆ ಹೇಳಲಿಲ್ಲ, ಅವನು ಅವಳಿಗೆ ಹೇಳಲಿಲ್ಲ. ಖಾನಾವಳಿಯ ಎದುರಿಗೇ ಬಸ್ಸು ನಿಲ್ಲಿಸಿ ಅವನು ಇವಳ ಮೆಟ್ಟಿಲು ಹತ್ತುತ್ತಿದ್ದ.

ಅವನು ಬಂದು ಟೋಪಿ ತೆಗೆದು ಕೂರುವ ಹೊತ್ತಿಗೆ ತಟ್ಟೆ ಹೊಗೆಯಾಡುತ್ತ ಮೇಜಿನ ಮೇಲಿರುತ್ತಿತ್ತು. ತಿನ್ನುವಾಗ ಮಾತಾಡಿದರೆ ಆರುತ್ತದೆ, ಆದ್ದರಿಂದ ಮಾತಿಲ್ಲ. ತಿಂದಾದ ಮೇಲೆ ಮಂಜಿನ ಬಗ್ಗೆ, ರಸ್ತೆಯ ಬಗ್ಗೆ ನಾಲ್ಕು ಮಾತು. ಎರಡೂವರೆಗೆ ಅವನು ಎದ್ದು ಹೋಗುತ್ತಿದ್ದ, ಬಸ್ಸು ಇಳಿಯುತ್ತಿತ್ತು. ಆಮೇಲೆ ಮನೆ ಸೆರಾಫಿನಾಳದು. ಬೂಟು ಕಳಚಿ ಮೂಲೆಗೆ ತಳ್ಳಿ, ರೇಡಿಯೊ ಹಾಕಿ, ಯಂತ್ರದ ಮುಂದೆ ಕೂತರೆ ಕತ್ತಲಾಗುವ ತನಕ ಅವಳನ್ನು ಕೇಳುವವರಿಲ್ಲ. ಇದು ಇಬ್ಬರಿಗೂ ಒಪ್ಪಿಗೆಯಾದ ಏರ್ಪಾಡಾಗಿತ್ತು, ಅಥವಾ ಸೆರಾಫಿನಾ ಹಾಗೆ ತಿಳಿದುಕೊಂಡಿದ್ದಳು.

ಕ್ರಿಸ್‌ಮಸ್ ಕಳೆದ ಮೇಲೆ ಅಂಚೆಯಲ್ಲಿ ಅವಳಿಗೆ ಒಂದು ಕಾಗದ ಬಂತು. ಪಿಯಾನೊದ ಅಂಚೆಡಬ್ಬಿಯಲ್ಲಿ ಬಿದ್ದು, ಪೊಟೆಂಜಾಕ್ಕೆ ಹೋಗಿ ಮುದ್ರೆ ಹೊಡೆಸಿಕೊಂಡು, ಕಾನಿಯೊನ ಬಸ್ಸಿನ ಅಂಚೆಚೀಲದಲ್ಲೇ ಬೆಟ್ಟ ಹತ್ತಿ ಬಂದಿತ್ತು. ಬರೆದವನೂ ಕಾನಿಯೊ. ಅದನ್ನು ತಾನೇ ಹೊತ್ತು ತಂದ ದಿನ ಅವನು ಎಂದಿನ ಹಾಗೆ ಹುರುಳಿಕಾಯಿ ಪಾಸ್ತಾ ತಿಂದು, ಈ ಸಲ ಹಿಮ ಜಾಸ್ತಿ ಅಂದು, ಹೋಗಿದ್ದ. ಕಾಗದ ಹೀಗಿತ್ತು:

"ಮಾನ್ಯ ಸೆರಾಫಿನಾ ಅವರಿಗೆ, ಈಸ್ಟರ್ ಹಬ್ಬಕ್ಕೆ ನನಗೆ ನಿವೃತ್ತಿ. ಅನಂತರ ಮಧ್ಯಾಹ್ನ ಎಲ್ಲಿ ಊಟ ಮಾಡಬೇಕೆಂದು ಯೋಚಿಸುತ್ತಿದ್ದೇನೆ. ರಾತ್ರಿ ಎಲ್ಲಿ ಮಾಡಬೇಕೆಂದೂ ಯೋಚಿಸುತ್ತಿದ್ದೇನೆ. ತಮಗೆ ಅಭ್ಯಂತರವಿಲ್ಲದಿದ್ದರೆ ಪಾದ್ರಿಗಳ ಹತ್ತಿರ ಮಾತಾಡುತ್ತೇನೆ. ಅಭ್ಯಂತರವಿದ್ದರೆ ಬಾರಿ ಪಟ್ಟಣದಲ್ಲಿರುವ ಮಗಳು ಕರೆಯುತ್ತಿದ್ದಾಳೆ, ಅಲ್ಲಿಗೆ ಹೋಗುತ್ತೇನೆ. ತಮ್ಮ ವಿಧೇಯ."

ಅಂಚೆಯಲ್ಲಿ ಬಂದ ಮಾತಿಗೆ ಅಂಚೆಯಲ್ಲೇ ಉತ್ತರ ಕೊಡುವುದು ಮರ್ಯಾದೆ. ಊಟದ ಮೇಜಿನ ಮೇಲೆ ಹೇಳಿದರೆ ಅದು ಉಪ್ಪು ಕಡಿಮೆ ಅಂದ ಹಾಗಿರುತ್ತದೆ. ಸೆರಾಫಿನಾ ಅವತ್ತೇ ಕೂತು "ಮಾನ್ಯ ಕಾನಿಯೊ ಅವರಿಗೆ, ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ" ಎಂದು ಬರೆದಳು. ಆ ಹಾಳೆ ಅಂದಿನಿಂದ ಯಂತ್ರದ ಡ್ರಾಯರಿನಲ್ಲಿ, ನೂಲಿನ ಉಂಡೆಗಳ ಕೆಳಗಿತ್ತು. ಕಾನಿಯೊ ಬೇಡವಾಗಿದ್ದನೆಂದಲ್ಲ. ಬಸ್ಸಿನ ಜೊತೆ ಬರುವ ಕಾನಿಯೊ ಬಸ್ಸಿನ ಜೊತೆ ಹೋಗುತ್ತಾನೆ. ಬಸ್ಸಿಲ್ಲದ ಕಾನಿಯೊ ಎರಡೂವರೆಗೆ ಎಲ್ಲಿಗೆ ಹೋಗುತ್ತಾನೆ? ಎಲ್ಲಿಗೂ ಇಲ್ಲ. ಆ ಕುರ್ಚಿಯಲ್ಲೇ ಇರುತ್ತಾನೆ. ಮೂರಕ್ಕೂ ಇರುತ್ತಾನೆ, ನಾಲ್ಕಕ್ಕೂ ಇರುತ್ತಾನೆ. ಗಂಡಸು ಅಡುಗೆಮನೆಯಲ್ಲಿ ಸುಮ್ಮನೆ ಕೂತರೆ ಏನು ಮಾಡುತ್ತಾನೆ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಅವಳ ತಂದೆ ಅಡುಗೆಮನೆಯಲ್ಲಿ ಸುಮ್ಮನೆ ಕೂತವನೇ ಅಲ್ಲ. ಇನ್ನೊಂದು ಕಡೆಗೆ ಯೋಚಿಸಿದರೆ, ಹಬ್ಬದ ಮಾರನೆಯ ದಿನ ಮಧ್ಯಾಹ್ನ ತಾನು ಯಾರಿಗೆ ನೀರಿಡುವುದು ಎನ್ನುವುದೂ ಗೊತ್ತಿರಲಿಲ್ಲ. ಅಲ್ಲಿಗೆ ಬಂದಾಗಲೆಲ್ಲ ಅವಳು ಹಾಳೆಯನ್ನು ಮತ್ತೆ ನೂಲಿನ ಕೆಳಗೆ ಇಡುತ್ತಿದ್ದಳು. ಹೀಗೆ ಜನವರಿ ಹೋಯಿತು, ಕಾರ್ನಿವಲ್ ಹೋಯಿತು, ಈಗ ಈಸ್ಟರಿಗೆ ಮುಂಚಿನ ತಪಸ್ಸುಕಾಲವೂ ಮುಗಿಯುತ್ತ ಬಂದಿತ್ತು.

"ಏನೇ ಸೆರಾಫಿನಾ, ಹಾರ್ನು ಕೇಳಿಸ್ತಾ ನಿಂಗೆ?"

ಎದುರು ಮನೆಯ ಮಿಕೆಲಿನಾ. ಎರಡು ಬಾಲ್ಕನಿಗಳ ಮಧ್ಯೆ ಒಂದು ಕತ್ತೆ ಹೋಗುವಷ್ಟು ಬೀದಿ. ಒಬ್ಬಳ ಮನೆಯ ಈರುಳ್ಳಿಗೆ ಇನ್ನೊಬ್ಬಳು ಕಣ್ಣೀರು ಹಾಕಬಹುದು. ಸೆರಾಫಿನಾ ತುರಿಯುವ ಮಣೆ ಇಟ್ಟು ಹೊರಗೆ ಬಂದಳು.

"ಇಲ್ಲ. ಇನ್ನೂ ಹೊತ್ತಿದೆಯೇನೋ."

"ಎಲ್ಲಿ ಹೊತ್ತು? ನಮ್ಮ ರೇಡಿಯೋಲಿ ವಾರ್ತೆ ಮುಗಿದು ಹವಾಮಾನ ಶುರುವಾಯ್ತು. ನನ್ನ ನೀರು ಎರಡು ಸಲ ಕುದ್ದು ಅರ್ಧ ಆಗಿದೆ." ಮಿಕೆಲಿನಾ ಕಂಬಿಗೆ ಒರಗಿದಳು. "ನಿನ್ನ ಉತ್ತರಕ್ಕೆ ಕಾದೂ ಕಾದೂ ಕಂದಕಕ್ಕೆ ಇಳಿಸಿಬಿಟ್ಟನೋ ಏನೋ ಬಸ್ಸನ್ನ."

"ಬಸ್ಸಿನಲ್ಲಿ ನಿನ್ನ ಗಂಡನೂ ಇದಾನೆ."

"ಅದಕ್ಕೇ ನಾನು ಅಳ್ತಾ ಇಲ್ಲ."

ಕಾಗದ ಬಂದದ್ದು, ಉತ್ತರ ಹೋಗದೆ ಇದ್ದದ್ದು ಊರಿಗೆಲ್ಲ ಗೊತ್ತಿತ್ತು. ಅಂಚೆಯ ಅರ್ಕಾಂಜೆಲೊ ಯಾರಿಗೂ ಒಂದು ಮಾತೂ ಹೇಳಿದವನಲ್ಲ. ಸೆರಾಫಿನಾ ಹಾದುಹೋಗುವಾಗ ಅಂಚೆಚೀಟಿಯ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಿದ್ದ, ಅವಳು ದಾಟಿ ಹೋದ ಮೇಲೆ ಮುಚ್ಚುತ್ತಿದ್ದ. ನೋಡುವವರು ನೋಡಿದರು.

"ಹೋಗ್ಲಿ, ಒಂದು ಮಾತು ಕೇಳ್ತೀನಿ," ಅಂದಳು ಮಿಕೆಲಿನಾ. "ಬೇಡ ಅಂತಾದ್ರೂ ಬರಿಬಾರ್ದಾ? ಪಾಪ, ಬಾರಿಗೆ ಹೋಗೋದಾದ್ರೆ ಮನುಷ್ಯ ಪೆಟ್ಟಿಗೆ ಕಟ್ಕೋಬೇಕು."

"ಬೇಡ ಅಂತ ಯಾರಂದ್ರು?"

"ಹಾಗಾದ್ರೆ ಬೇಕು ಅಂತ ಬರಿ."

"ಬೇಕು ಅಂತ ಯಾರಂದ್ರು?"

ಮಿಕೆಲಿನಾ ಗಾಳಿಯನ್ನು ಮೂಸಿದಳು. "ಯಾರದೋ ಕಡಲೆ ಸೀದಿದೆ ಕಣೇ."

"ನಂದೇ," ಎಂದು ಸೆರಾಫಿನಾ ಒಳಗೆ ಹೋದಳು.

ತಳ ಹಿಡಿದು ಕರಿಕಾಗಿತ್ತು. ಮೇಲಿನದನ್ನು ಒಂದು ಚಮಚ ತೆಗೆದು ನಾಲಿಗೆಗೆ ಮುಟ್ಟಿಸಿದಳು; ಸೀದ ರುಚಿ ಮೇಲಿನ ತನಕ ಹತ್ತಿತ್ತು. ಪಾತ್ರೆಯನ್ನು ಹಾಗೇ ಇಳಿಸಿ ಬಚ್ಚಲಿನಲ್ಲಿಟ್ಟಳು. ಇನ್ನೊಂದು ಉರಿಯ ಮೇಲೆ ನೀರು ಮೂರು ಬೆರಳಿಗೆ ಇಳಿದಿತ್ತು. ಹೂಜಿಯಿಂದ ತಣ್ಣೀರು ಸುರಿದಳು, ಮೊದಲಿದ್ದದ್ದಕ್ಕಿಂತ ಹೆಚ್ಚೇ. ಕುದಿ ನಿಂತುಹೋಯಿತು. ಆ ನಿಶ್ಶಬ್ದದಲ್ಲಿ ಅವಳಿಗೆ ಕೇಳಿಸಿದ್ದು ಹಾರ್ನಲ್ಲ, ಚೌಕದಲ್ಲಿ ಬಸ್ಸಿನ ಬಾಗಿಲು ತೆರೆದ ಸದ್ದು.

ಬೀದಿಯ ಉದ್ದಕ್ಕೂ ಹೆಂಗಸರು ಬಾಲ್ಕನಿಗೆ ಬಂದರು. ಗಂಡಂದಿರು ಹತ್ತಿ ಬರುತ್ತಿದ್ದರು, ಒಬ್ಬಳ ಮನೆಯಲ್ಲೂ ಪಾಸ್ತಾ ನೀರಿಗೆ ಬಿದ್ದಿರಲಿಲ್ಲ. ಪಾದ್ರಿಗಳ ಮನೆಯಲ್ಲಿ ಮಾತ್ರ ಹಾರ್ನಿಗೆ ಕಾದು ಸಾಕಾಗಿ, ಇಗರ್ಜಿಯ ಗಡಿಯಾರವನ್ನು ನಂಬಿ ಹಾಕಿಬಿಟ್ಟಿದ್ದರು. ಅಲ್ಲಿ ಅದು ಆಗಲೇ ಅಂಬಲಿಯಾಗಿತ್ತು. ಎಲ್ಲರ ಹಿಂದೆ ಕಾನಿಯೊ ಬರುತ್ತಿದ್ದ, ಟೋಪಿ ನೆಟ್ಟಗೆ ಇಟ್ಟುಕೊಂಡು, ಎಂದಿನ ಹೆಜ್ಜೆಯಲ್ಲಿ.

"ಏನ್ರೀ ಕಾನಿಯಣ್ಣ," ಮಿಕೆಲಿನಾ ಮೇಲಿನಿಂದ ಕೇಳಿದಳು, "ಹಾರ್ನಿಗೆ ನೆಗಡಿ ಆಗಿದ್ಯಾ?"

ಕಾನಿಯೊ ನಿಂತು ಟೋಪಿ ಮುಟ್ಟಿದ. "ಹಾರ್ನು ಸರಿಯಾಗಿದೆ ಮಿಕೆಲಿನಾ ಅವರೆ. ತಿರುವು ಇಲ್ಲ."

"ತಿರುವು ಎಲ್ಲಿಗೆ ಹೋಯ್ತು?"

"ಬಂಡೆ ಒಡೀತಿದ್ರಲ್ಲ ಇಷ್ಟು ದಿನ. ಇವತ್ತಿಂದ ಹೊಸ ರಸ್ತೆ ಬಿಟ್ಟಿದಾರೆ, ನೆಟ್ಟಗೆ. ಎದುರಿಗೆ ಬರೋದು ಕಾಣ್ಸುತ್ತೆ. ಕಾಣ್ಸೋ ಕಡೆ ಹಾರ್ನು ಹೊಡೆಯೋ ಹಾಗಿಲ್ಲ. ಹಾರ್ನು ಇದ್ದಿದ್ದು ತಿರುವಿಗೆ."

"ಮತ್ತೆ ನಮ್ಮ ಪಾಸ್ತಾ?"

ಕಾನಿಯೊ ಯೋಚಿಸಿದ. ಕೇಳಿದ್ದಕ್ಕೆ ಯೋಚಿಸದೆ ಉತ್ತರ ಕೊಡುವ ಜಾತಿಯವನಲ್ಲ ಅವನು. "ಪಾಸ್ತಾ ವಿಷಯ ನಿಯಮದಲ್ಲಿ ಇಲ್ಲ," ಅಂದ.

ಸೆರಾಫಿನಾ ಇದನ್ನೆಲ್ಲ ಪರದೆಯ ಹಿಂದೆ ನಿಂತು ಕೇಳಿದಳು. ಹಾರ್ನು ಇದ್ದದ್ದು ತಿರುವಿಗೆ. ಸರಿಯೇ. ಬಸ್ಸಿನ ಹಾರ್ನು ತಿರುವಿಗಲ್ಲದೆ ಇನ್ನೇನಕ್ಕೆ? ಊರಿಗೆಲ್ಲ ಕೇಳುವ ಹಾರ್ನನ್ನು ತನಗೊಬ್ಬಳಿಗೇ ಹೊಡೆಯುತ್ತಾನೆ ಅಂತ ಅವಳು ಯಾವತ್ತೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಆದರೆ ಈಗ ಅಲ್ಲ ಅಂತ ಕೇಳಿದ ಮೇಲೆ, ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದಳು ಎನ್ನುವುದು ಗೊತ್ತಾಯಿತು. ಮುಖ ಬಿಸಿಯಾಯಿತು. ಸದ್ಯ, ಉತ್ತರ ಬರೆದಿರಲಿಲ್ಲ. ಇವತ್ತು ಬರೆದುಬಿಡಬೇಕು, ಬಾರಿಯೇ ಒಳ್ಳೆಯದು ಅಂತ, ಎಂದುಕೊಂಡು ಬಾಗಿಲು ತೆಗೆದಳು.

ಕಾನಿಯೊ ಒಳಗೆ ಬಂದು ಟೋಪಿ ತೆಗೆದ. ಮೇಜಿನ ಮೇಲೆ ತಟ್ಟೆ ಇತ್ತು, ತಟ್ಟೆಯಲ್ಲಿ ಏನೂ ಇರಲಿಲ್ಲ. ಅವನು ಅದನ್ನು ನೋಡಿ, ಒಲೆಯನ್ನು ನೋಡಿ, ಮತ್ತೆ ತಟ್ಟೆಯನ್ನು ನೋಡಿದ.

"ಕಡಲೆ ಸೀದುಹೋಯ್ತು," ಅಂದಳು ಸೆರಾಫಿನಾ. "ನೀರೂ ಬತ್ತಿತ್ತು, ಈಗಷ್ಟೇ ತಣ್ಣೀರು ಹಾಕ್ದೆ. ಚೀಸು, ಬ್ರೆಡ್ಡು ಕೊಡ್ಲಾ?"

"ಏನಿದ್ರೂ ಆಗುತ್ತೆ."

"ಏನಿದ್ರೂ ಆಗುತ್ತೆ ಅಂದ್ರೆ ಏನರ್ಥ?"

"ಕಾಯ್ತೀನಿ ಅಂತ," ಅಂದು ಅವನು ತನ್ನ ಕುರ್ಚಿಯಲ್ಲಿ ಕೂತ.

ಆ ಕುರ್ಚಿ ಒಲೆಗೆ ನೇರ ಎದುರಿಗಿತ್ತು. ಇಷ್ಟು ದಿನ ಅವನ ಮುಂದೆ ತಟ್ಟೆ ಇರುತ್ತಿದ್ದುದರಿಂದ ಅವನು ನೋಡುತ್ತಿದ್ದದ್ದು ತಟ್ಟೆಯನ್ನು. ಈಗ ನೋಡಲು ಸೆರಾಫಿನಾಳ ಬೆನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅವಳಿಗೆ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು. ಸಾರು ಮಾಡಲು ಹೊತ್ತಿಲ್ಲ. ಟೊಮ್ಯಾಟೊ ಕುದಿಸಲೂ ಹೊತ್ತಿಲ್ಲ. ಇದ್ದದ್ದು ಬಟ್ಟಲಲ್ಲಿ ಬ್ರೆಡ್ಡಿನ ತುರಿ, ಮತ್ತು ಕಿಟಕಿಯ ಪಕ್ಕ ಸರ ಪೋಣಿಸಿ ನೇತುಹಾಕಿದ್ದ ಒಣ ಕೆಂಪು ಮೆಣಸು, ಖಾರವಿಲ್ಲದ್ದು. ಅದು ಅವಳ ರಾತ್ರಿಯೂಟ. ಯಾರೂ ನೋಡದಾಗ, ಕಾಲು ಚಾಚಿ, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ತಿನ್ನುವಂಥದ್ದು. ಬಂದವರಿಗೆ ಬಡಿಸುವಂಥದ್ದಲ್ಲ. ಹೇಗೂ ಬಾರಿಗೆ ಹೋಗುವವನು, ಹೇಗಿದ್ದರೇನು ಅಂತ ಸೆರಾಫಿನಾ ಬಾಣಲೆ ತೆಗೆದಳು.

ನಾಲ್ಕು ಮೆಣಸು ಕಿತ್ತು ಒದ್ದೆಬಟ್ಟೆಯಲ್ಲಿ ಒರೆಸಿ, ತೊಟ್ಟು ಮುರಿದು ಬೀಜ ಕೊಡವಿದಳು. ಆಲಿವ್ ಎಣ್ಣೆ ಕಾಯಿಸಿ, ಮೆಣಸು ಬಿಟ್ಟು, ಉಸಿರು ಎಳೆದು ಬಿಡುವಷ್ಟರಲ್ಲಿ ತೆಗೆದಳು. ಇನ್ನೊಂದು ಉಸಿರು ಬಿಟ್ಟರೆ ಕಹಿ. ತಟ್ಟೆಗೆ ಹಾಕಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತ ಗರಿಗರಿಯಾದವು. ಅದೇ ಎಣ್ಣೆಗೆ ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ. ಅದು ಬಣ್ಣ ತಿರುಗುವ ಮುಂಚೆ ಅದನ್ನೂ ತೆಗೆದು, ಬ್ರೆಡ್ಡಿನ ತುರಿ ಹಾಕಿ ಕೈ ಬಿಡದೆ ಕೆದಕಿ, ಕೆಂಪಗಾದ ಮೇಲೆ ಬಟ್ಟಲಿಗೆ ತೆಗೆದಳು. ಮನೆ ತುಂಬ ಘಮ ಹರಡಿತು.

"ನೀರಿಗೆ ಉಪ್ಪು," ಅಂತ ಹಿಂದಿನಿಂದ ಕೇಳಿಸಿತು.

"ಆಗ್ಲೇ ಹಾಕಿದೀನಿ."

"ಆಮೇಲೆ ತಣ್ಣೀರು ಹಾಕಿದ್ರಿ ಅಂದ್ರಲ್ಲ."

ಸೆರಾಫಿನಾ ನೀರು ಚಮಚದಲ್ಲಿ ತೆಗೆದು ರುಚಿ ನೋಡಿದಳು. ಸಪ್ಪೆ. ಒಂದು ಹಿಡಿ ಉಪ್ಪು ಹಾಕಿದಳು, ಬೇಕಾದ್ದಕ್ಕಿಂತ ಜೋರಾಗಿ. ನೋಡು, ಕೂತು ಇನ್ನೂ ಕುರ್ಚಿ ಬಿಸಿಯಾಗಿಲ್ಲ, ಆಗಲೇ ಉಪ್ಪಿನ ತನಕ ಬಂದ ಅಂತ ಮನಸ್ಸಿನಲ್ಲೇ ಅಂದುಕೊಂಡಳು. ನೀರು ಕುದಿಯಿತು. ಸ್ಪಾಗೆಟ್ಟಿ ಬಿಟ್ಟು ತುಟಿ ಅಲ್ಲಾಡಿಸತೊಡಗಿದಳು.

"ಏನಾದ್ರೂ ಅಂದ್ರಾ?" ಕಾನಿಯೊ ಕೇಳಿದ.

"ನಿಮಗಲ್ಲ. ಜಪ. ಸ್ಪಾಗೆಟ್ಟಿಗೆ ಜಪಮಾಲೆಯ ಎರಡು ಹತ್ತು ಮಣಿ, ದಪ್ಪ ಕೊಳವೆ ಪಾಸ್ತಾಕ್ಕಾದ್ರೆ ಮೂರು. ನಮ್ಮಮ್ಮನ ಲೆಕ್ಕ."

"ದಿನಾ ಹಿಂಗೇನಾ?"

"ದಿನಾ. ಈಗ ಎಷ್ಟನೇದರಲ್ಲಿದ್ದೆ ಅಂತ ಮರೆತುಹೋಯ್ತು."

"ತಪ್ಪಾಯ್ತು."

ಸೆರಾಫಿನಾ ಮತ್ತೆ ಶುರುಮಾಡಿದಳು, ಈ ಸಲ ತಪ್ಪಬಾರದೆಂದು ಸ್ವಲ್ಪ ದನಿ ತೆಗೆದು. "ನಮೋ ಮರಿಯಾ" ಎಂದು ತೊಡಗಿ ಅರ್ಧಕ್ಕೆ ಬಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಉಳಿದರ್ಧ ಬಂತು: "ಸಂತ ಮರಿಯಾ, ದೇವರ ಮಾತೆಯೇ..." ಕಾನಿಯೊ ಕೈ ಕಟ್ಟಿ, ನೆಲ ನೋಡುತ್ತ ಹೇಳುತ್ತಿದ್ದ. ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರು ಉಳಿದರ್ಧ ಹೇಳಬೇಕು. ಹುಟ್ಟಿದಾಗಿನಿಂದ ಕಲಿತದ್ದು, ನಿಲ್ಲಿಸು ಅನ್ನುವ ಹಾಗೂ ಇಲ್ಲ. ಪ್ರಾರ್ಥನೆಯನ್ನು ನಿಲ್ಲಿಸು ಅಂತ ಯಾರಿಗೆ ಹೇಳಲಾಗುತ್ತದೆ? ಅವಳು ಮುಂದಿನದನ್ನು ತೆಗೆದಳು, ಅವನು ಮುಗಿಸಿದ.

ತೊಂದರೆ ಏನೆಂದರೆ, ಸೆರಾಫಿನಾ ಒಬ್ಬಳೇ ಹೇಳುವಾಗ ಎರಡೂ ಅರ್ಧಗಳನ್ನು ಒಂದೇ ಹೊಲಿಗೆಯಲ್ಲಿ ಓಡಿಸುತ್ತಿದ್ದಳು. ಪಿಯಾನೊದವರು ಹಾಗಲ್ಲ. ಅವರು ಒಂದೊಂದು ಮಾತನ್ನೂ ಕೂರಿಸಿ, ಕ್ಷೇಮ ವಿಚಾರಿಸಿ, ಆಮೇಲೆ ಬಿಡುತ್ತಾರೆ. ಕಾನಿಯೊ ಜಪವನ್ನೂ ಬೆಟ್ಟದ ರಸ್ತೆಯಲ್ಲಿ ಬಸ್ಸು ಇಳಿಸಿದ ಹಾಗೆ ಇಳಿಸಿದ. ಸೆರಾಫಿನಾಳಿಗೆ ಪಾಸ್ತಾ ಮೆತ್ತಗಾಗುತ್ತಿದೆ ಎಂದು ಮೂಗೇ ಹೇಳುತ್ತಿತ್ತು. ಆದರೂ ಹತ್ತರ ಮಧ್ಯೆ ಬಿಟ್ಟು ಬೆಂಕಿ ಆರಿಸುವುದು ಅವಳಿಂದ ಆಗಲಿಲ್ಲ. ಎರಡನೆಯ ಹತ್ತು ಮುಗಿಯುವ ಹೊತ್ತಿಗೆ ಒಂದು ವಿಚಿತ್ರ ಆಗಿತ್ತು: ಬೆನ್ನಿನ ಮೇಲಿನ ಇಸ್ತ್ರಿಪೆಟ್ಟಿಗೆ ಎಲ್ಲಿ ಹೋಯಿತೋ ಅವಳಿಗೆ ಗೊತ್ತಾಗಲಿಲ್ಲ.

ಒಂದು ಎಳೆ ತೆಗೆದು ಕಚ್ಚಿದಳು. ಹಲ್ಲಿಗೆ ಸಿಗಬೇಕಾದದ್ದು ನಾಲಿಗೆಗೇ ಶರಣಾಯಿತು.

"ಮೆತ್ತಗಾಗಿದೆ," ಅಂದಳು.

"ಜಪ ಪೂರ್ತಿ ಆಯ್ತಲ್ಲ," ಅಂದ ಕಾನಿಯೊ.

ನೀರು ಬಸಿದು, ಸ್ಪಾಗೆಟ್ಟಿಯನ್ನು ಬಾಣಲೆಗೆ ಸುರಿದು, ಬಸಿದ ನೀರನ್ನೇ ಒಂದು ಸೌಟು ಹಾಕಿ ಕುಲುಕಿದಳು. ಬೆಳ್ಳುಳ್ಳಿ, ಅರ್ಧ ತುರಿ ಒಳಗೆ. ಉಳಿದರ್ಧ ತುರಿ ಮೇಲೆ. ಮೆಣಸನ್ನು ಕೈಯಲ್ಲಿ ಪುಡಿಮಾಡಿ ಉದುರಿಸಿದಳು. ಎರಡು ತಟ್ಟೆ ತುಂಬಿ ಎದುರಿಗೆ ಕೂತಳು.

ಕಾನಿಯೊ ಮೊದಲ ಸುತ್ತು ಬಾಯಿಗಿಟ್ಟು ಅಗಿದ. ಎರಡನೆಯದನ್ನೂ ಅಗಿದ. ತಿನ್ನುವಾಗ ಮಾತಾಡದವನು ಫೋರ್ಕು ಕೆಳಗಿಟ್ಟ.

"ಇದನ್ನ ಯಾವಾಗ ಮಾಡ್ತೀರಿ?"

"ರಾತ್ರಿ. ಒಬ್ಬಳೇ ಇದ್ದಾಗ."

"ಇಷ್ಟು ವರ್ಷ ನನಗೆ ಹಾಕ್ಲಿಲ್ಲ."

"ನೆಂಟರಿಗೆ ಹಾಕೋ ಊಟ ಅಲ್ಲ ಇದು."

ಅವನು ಅದನ್ನೂ ಸ್ವಲ್ಪ ಹೊತ್ತು ಅಗಿದ ಹಾಗೆ ಕಂಡಿತು. ಆಮೇಲೆ ಮತ್ತೆ ಫೋರ್ಕು ತೆಗೆದುಕೊಂಡ. ಸೆರಾಫಿನಾಳಿಗೆ ತಡೆಯಲಾಗಲಿಲ್ಲ.

"ಹಾರ್ನು ತಿರುವಿಗೆ ಅಂತ ನಂಗೆ ಗೊತ್ತಿರ್ಲಿಲ್ಲ," ಅಂದಳು, ತಟ್ಟೆಯನ್ನು ನೋಡುತ್ತ.

"ತಿರುವಿಗೇ. ಕಾಣ್ಸದೆ ಇರೋ ತಿರುವಲ್ಲಿ ಒಂದು ಸಲ ಹೊಡೀಬೇಕು. ಪುಸ್ತಕದಲ್ಲೇ ಇದೆ."

"ನೀವು ಎರಡು ಸಲ ಹೊಡೀತಿದ್ರಿ."

ಕಾನಿಯೊ ಅಗಿಯುವುದನ್ನು ನಿಲ್ಲಿಸಿದ. ಕಿಟಕಿಯ ಕಡೆ ನೋಡಿದ, ಅಲ್ಲಿ ಸಹಾಯ ಸಿಗಲಿಲ್ಲ.

"ಹೌದು," ಅಂದ.

"ಎರಡನೇದು ಏನಕ್ಕೆ?"

"ಎರಡನೇದಕ್ಕೆ ನಿಯಮ ಇಲ್ಲ."

ಅವನ ಕಿವಿಯ ತುದಿ ಒಣ ಮೆಣಸಿನ ಬಣ್ಣಕ್ಕೆ ತಿರುಗಿತ್ತು. ಸೆರಾಫಿನಾ ಬಹಳ ಹೊತ್ತು ಒಂದು ಎಳೆಯನ್ನು ಫೋರ್ಕಿಗೆ ಸುತ್ತಿದಳು. ಒಂದು ಎಳೆಗೆ ಅಷ್ಟು ಸುತ್ತು ಬೇಕಿರಲಿಲ್ಲ.

"ಹಾಗಾದ್ರೆ ಆ ಎರಡನೇದನ್ನಾದ್ರೂ ಇವತ್ತು ಹೊಡೀಬಹುದಿತ್ತಲ್ಲ."

"ಮೊದಲನೇದು ಇಲ್ದೆ ಎರಡನೇದು ಹೆಂಗೆ ಹೊಡೀಲಿ ಸೆರಾಫಿನಾ ಅವರೆ?" ಅಂದ ಕಾನಿಯೊ. ನಿಜವಾಗಿ ಕೇಳುತ್ತಿದ್ದ. ಬೆಳಗಿನಿಂದ ಸ್ಟೀರಿಂಗ್ ಹಿಡಿದು ಅದನ್ನೇ ಯೋಚಿಸಿಕೊಂಡು ಬಂದವನ ಹಾಗೆ ಕೇಳುತ್ತಿದ್ದ. ಅವಳು ಆ ಮಾತನ್ನು ಅತ್ತಿತ್ತ ತಿರುಗಿಸಿ ನೋಡಿದಳು, ಎಲ್ಲಿಯೂ ಹೊಲಿಗೆ ಬಿಟ್ಟಿರಲಿಲ್ಲ.

"ಇನ್ನೊಂಚೂರು ಇದ್ಯಾ?" ಅಂತ ಅವನು ತಟ್ಟೆ ಚಾಚಿದ.

ಬಡಿಸುವಾಗ ಸೆರಾಫಿನಾ ಗೋಡೆಯ ಗಡಿಯಾರ ನೋಡಿದಳು. "ಬಸ್ಸು," ಅಂದಳು.

"ಹೌದು."

"ಎರಡೂವರೆ ದಾಟಿದೆ."

"ನಾನಿಲ್ದೆ ಹೋಗಲ್ಲ ಅದು."

ಕೆಳಗೆ ಚೌಕದಲ್ಲಿ ಯಾರೋ ಬಸ್ಸಿನ ತಗಡು ಬಡಿದರು. ಮಿಕೆಲಿನಾಳ ಬಾಲ್ಕನಿಯಿಂದ ಮಾತು ಬಂತು: "ಕಾನಿಯಣ್ಣಾ, ಬಸ್ಸಲ್ಲಿ ಕೂತೋರು ಬೇರು ಬಿಡ್ತಿದಾರೆ."

"ಬರ್ತೀನಿ ಅಂತ ಹೇಳಿ," ಅಂದ ಕಾನಿಯೊ, ಎದ್ದೇಳದೆ.

ಎರಡೂವರೆಯ ಆಚೆಗೆ ಒಬ್ಬ ಗಂಡಸು ತನ್ನ ಅಡುಗೆಮನೆಯಲ್ಲಿದ್ದಾನೆ. ಸೆರಾಫಿನಾ ತಾನು ಇಷ್ಟು ದಿನ ಹೆದರಿದ್ದ ಅನಾಹುತ ಎಲ್ಲಿದೆ ಅಂತ ಸುತ್ತ ನೋಡಿದಳು. ಗಡಿಯಾರ ನಡೆಯುತ್ತಿತ್ತು. ಬಚ್ಚಲಲ್ಲಿ ಸೀದ ಪಾತ್ರೆ ನೆನೆಯುತ್ತಿತ್ತು. ಅವನು ಬ್ರೆಡ್ಡಿನ ತುಂಡಿನಿಂದ ತಟ್ಟೆಯ ಎಣ್ಣೆ ಒರೆಸಿ ತಿನ್ನುತ್ತಿದ್ದ, ಮೈಮರೆತು. ಕಾಲಿಗೆ ತಣ್ಣಗಾದದ್ದು ಆಗ ಗೊತ್ತಾಯಿತು: ಮೇಜಿನ ಕೆಳಗೆ ಬೂಟು ಎರಡೂ ಯಾವಾಗಲೋ ಕಳಚಿ ಬಿದ್ದಿದ್ದವು.

ಅವಳು ಎದ್ದು, ಬರಿಗಾಲಲ್ಲೇ ಹೋಗಿ, ಯಂತ್ರದ ಡ್ರಾಯರು ಎಳೆದು ನೂಲಿನ ಕೆಳಗಿನ ಹಾಳೆ ತಂದಳು. ಮೇಜಿನ ಇನ್ನೊಂದು ಕೊನೆಯಲ್ಲಿ ಕೂತು ಪೆನ್ನು ಬಿಚ್ಚಿದಳು. ಇನ್ನೊಬ್ಬರ ಕಾಗದ ನೋಡುವುದು ತಪ್ಪೆಂದು ಕಾನಿಯೊ ಕುರ್ಚಿಯನ್ನು ಸ್ವಲ್ಪ ಗೋಡೆಯ ಕಡೆ ತಿರುಗಿಸಿಕೊಂಡು, ಉಳಿದ ತುಂಡು ಬ್ರೆಡ್ಡನ್ನು ಗೋಡೆ ನೋಡುತ್ತ ತಿಂದ.

"ಮಾನ್ಯ ಕಾನಿಯೊ ಅವರಿಗೆ, ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ" ಎಂದು ಮೊದಲೇ ಇತ್ತು. ಹೊರಗೆ ಬಾದಾಮಿ ಮರಗಳು ಹೂ ಉದುರಿಸಿ ಮುಗಿಸಿದ್ದವು. ಹಾಳೆ ವ್ಯರ್ಥ ಮಾಡಬಾರದೆಂದು ಮುಂದಕ್ಕೆ ಬರೆದಳು: "ಈಗ ಬಿಟ್ಟಿದೆ. ಪಾದ್ರಿಗಳ ಹತ್ತಿರ ಮಾತಾಡಿ. ರಾತ್ರಿಯೂಟಕ್ಕೆ ದಿನಾ ದೊಡ್ಡ ಅಡುಗೆ ನನ್ನಿಂದ ಆಗುವುದಿಲ್ಲ, ಇವತ್ತಿನ ಹಾಗೇ ಇರುತ್ತದೆ. ನಾನು ಮಧ್ಯಾಹ್ನದ ಮೇಲೆ ಹೊಲಿಯುವಾಗ ಮಾತಾಡುವುದಿಲ್ಲ. ಜಪ ಸ್ವಲ್ಪ ಬೇಗ ಹೇಳಬೇಕಾಗುತ್ತದೆ. ಬಾರಿಯ ಮಗಳಿಗೆ ನನ್ನ ನಮಸ್ಕಾರ ತಿಳಿಸಿ." ಹೆಸರು ಹಾಕಿ ಮಡಚಿ ಲಕೋಟೆಗೆ ಸೇರಿಸಿ ಅಂಟು ನೆಕ್ಕಿದಳು.

"ನಿಮ್ಮ ಮನೆ ನಂಬರೇನು?" ಅಂತ ಕೇಳಿದಳು.

"ಒಂಬತ್ತು," ಅಂದ ಕಾನಿಯೊ ಗೋಡೆಗೆ. "ಬಾವಿ ಬೀದಿ, ಪಿಯಾನೊ."

ಅವಳು ಬರೆದುಕೊಂಡಳು. ಅವನು ಎದ್ದು ಟೋಪಿ ಇಟ್ಟುಕೊಂಡು, ದೇವರು ಒಳ್ಳೆಯದು ಮಾಡಲಿ ಎಂದು ಎಂದಿನ ಹಾಗೆ ಹೇಳಿ, ಮೆಟ್ಟಿಲಿಳಿದ. ಅವಳು ಬೂಟು ಮೆಟ್ಟಿ ಹಿಂದೆಯೇ ಇಳಿದಳು, ನಾಲ್ಕು ಹೆಜ್ಜೆ ಬಿಟ್ಟು. ಬೀದಿಯ ಬಾಲ್ಕನಿಗಳಲ್ಲಿ ತಟ್ಟೆ ತೊಳೆಯಬೇಕಾದ ಹೆಂಗಸರೆಲ್ಲ ಬಟ್ಟೆ ಒಣಗಿದೆಯೋ ಅಂತ ಮುಟ್ಟಿ ನೋಡುತ್ತಿದ್ದರು.

ಅಂಚೆಯಲ್ಲಿ ಅರ್ಕಾಂಜೆಲೊ ಚೀಲದ ಬಾಯಿ ಕಟ್ಟಿ, ಸೀಸದ ಮುದ್ರೆ ಒತ್ತಿ, ಬಾಗಿಲಲ್ಲಿ ತಂದಿಟ್ಟು ಬಹಳ ಹೊತ್ತಾಗಿತ್ತು. ಸೆರಾಫಿನಾ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

"ಚೀಲ ಕಟ್ಟಿಬಿಟ್ಟಿದೀರಾ," ಅಂದಳು. "ನಾಳೆಯದಕ್ಕೇ ಹೋಗ್ಲಿ ಬಿಡಿ."

ಅರ್ಕಾಂಜೆಲೊ ಮುದ್ರೆಯನ್ನು ಕನ್ನಡಕದ ಹತ್ತಿರಕ್ಕೆ ಹಿಡಿದು ನೋಡಿದ. "ಇದು ಸರಿಯಾಗಿ ಕೂತಿಲ್ಲ," ಅಂದ. ಇಕ್ಕಳ ತೆಗೆದು ಕತ್ತರಿಸಿದ. "ಹೊಸದು ಹಾಕ್ಬೇಕು ಹೇಗಿದ್ರೂ."

"ಚೀಟಿ ಒಂದು ಕೊಡಿ."

ಅವನು ಪೆಟ್ಟಿಗೆಯ ಕಡೆ ಹೋಗಲಿಲ್ಲ. ಅಂಗಿಯ ಜೇಬಿನಿಂದ ಒಂದು ಅಂಚೆಚೀಟಿ ತೆಗೆದ. ಜನವರಿಯಿಂದ ಅಲ್ಲೇ ಇದ್ದು ಮೂಲೆ ಸ್ವಲ್ಪ ಮುದುಡಿತ್ತು. ಲಕೋಟೆಗೆ ಅಂಟಿಸಿ, ಹೆಬ್ಬೆರಳಲ್ಲಿ ಒತ್ತಿ, ವಿಳಾಸವನ್ನು ಓದದವನ ಹಾಗೆ ಚೀಲಕ್ಕೆ ಬಿಟ್ಟು, ಬಾಯಿ ಕಟ್ಟಿ ಹೊಸ ಮುದ್ರೆ ಒತ್ತಿದ. ಚೀಲವನ್ನು ಹೊತ್ತು ಚೌಕ ದಾಟಿ ಬಸ್ಸಿನ ಬಾಗಿಲಲ್ಲಿ ಕಾನಿಯೊನ ಕೈಗೆ ಕೊಟ್ಟ. ಕಾನಿಯೊ ಮುದ್ರೆ ಸರಿಯಾಗಿದೆಯೇ ಎಂದು ಪರೀಕ್ಷಿಸಿ, ರಸೀತಿಗೆ ಸಹಿ ಹಾಕಿ, ಚೀಲವನ್ನು ತನ್ನ ಸೀಟಿನ ಹಿಂದೆ ಇಟ್ಟು, ಬಸ್ಸು ಬಿಟ್ಟ.